ವಾಹನ ಪ್ರಶ್ನೋತ್ತರ: ಕಾರಿನೊಳಗಿನ ಬೇಸ್ ಎಲ್ಲಿ ಸೋರಿಹೋಗುತ್ತದೆ?

ಕಾರಿನ ಸಂಗೀತ ವ್ಯವಸ್ಥೆಯ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕೋರಿದಾಗ ತುಮಕೂರು ಜಿಲ್ಲೆಯ ನಾನಾ ತಾಲ್ಲೂಕುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸ್, ಅಂದರೆ ಹಾಡಿನ ಕೆಳಸ್ವರಗಳ, ಕುರಿತಾಗಿಯೇ ಇದ್ದವು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ. ಪತ್ರಗಳನ್ನು ಓದುತ್ತಾ ಹೋದಂತೆ ಒಂದು ಸಂಗತಿ ಎದ್ದು ಕಂಡಿತು. ಬೇಸ್ ಸಾಲದೆಂದು ಓದುಗರು ಹೊಸದೇನನ್ನಾದರೂ ಕೊಳ್ಳಲು ಹೊರಟಿದ್ದಾರೆ. ಆದರೆ ಅವರೇ ಬರೆದಿರುವ ವಿವರಗಳನ್ನು ನೋಡಿದರೆ, ಈಗಿರುವ ಸ್ಪೀಕರುಗಳು ಹೊರಡಿಸುವ ಬೇಸ್ ಕಿವಿಗೆ ತಲುಪುವ ಮೊದಲೇ ಬಾಗಿಲಿನಲ್ಲಿ, ಪೆಟ್ಟಿಗೆಯಲ್ಲಿ ಅಥವಾ ತಂತಿಯಲ್ಲಿ ನಷ್ಟವಾಗುತ್ತಿದೆ. ಆ ನಷ್ಟವನ್ನು ತಡೆಯದೆ ಎಷ್ಟು ಹಣ ಸುರಿದರೂ ಫಲ ಸಿಗುವುದಿಲ್ಲ.

ಪ್ರಶ್ನೆ: ನನ್ನದು ಐದು ವರ್ಷ ಹಳೆಯ ಸಣ್ಣ ಕಾರು. ಕಂಪನಿಯ ಸ್ಪೀಕರುಗಳನ್ನು ತೆಗೆಸಿ ನಾಲ್ಕೂ ಬಾಗಿಲುಗಳಿಗೆ ಒಳ್ಳೆಯ ಬ್ರ್ಯಾಂಡಿನ ಆರೂವರೆ ಇಂಚಿನ ಸ್ಪೀಕರುಗಳನ್ನು ಹಾಕಿಸಿದೆ. ಹಾಡು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಬೇಸ್ ಮಾತ್ರ ಮೊದಲಿಗಿಂತಲೂ ಕಡಿಮೆಯಾಗಿದೆ. ಸಬ್‌ವೂಫರ್ ಹಾಕಿಸದೆ ಬೇರೆ ದಾರಿಯಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ?
— ಓದುಗರು, ಗುಬ್ಬಿ

ಉತ್ತರ: ಕೆಳಸ್ವರಗಳಿಗೆಂದೇ ಇರುವ ಪ್ರತ್ಯೇಕ ಸ್ಪೀಕರಾದ ಸಬ್‌ವೂಫರಿನ ಮಾತನ್ನು ಸದ್ಯಕ್ಕೆ ಬದಿಗಿಡಿ. ಸ್ಪೀಕರ್ ಬದಲಾಯಿಸಿದ ಕೂಡಲೇ ಬೇಸ್ ಕಡಿಮೆಯಾಯಿತೆಂದರೆ ಮೊದಲು ಅನುಮಾನಿಸಬೇಕಾದದ್ದು ತಂತಿಗಳ ಜೋಡಣೆಯನ್ನು. ಕಂಪನಿಯ ಕಪ್ಲರನ್ನು (ತಂತಿಗಳನ್ನು ಸೇರಿಸುವ ಜೋಡಕವನ್ನು) ಕತ್ತರಿಸಿ ಹೊಸ ಸ್ಪೀಕರಿಗೆ ತಂತಿ ಸೇರಿಸುವಾಗ ಯಾವುದು ಪಾಸಿಟಿವ್, ಯಾವುದು ನೆಗೆಟಿವ್ ಎಂಬುದು ಅದಲುಬದಲಾಗುವುದು ಬಹಳ ಸಾಮಾನ್ಯ. ಹಾಗಾದಾಗ ಒಂದು ಬಾಗಿಲಿನ ಸ್ಪೀಕರಿನ ಕೋನ್ (ಅಲುಗಿ ಸದ್ದು ಹೊರಡಿಸುವ ಶಂಕುವಿನಾಕಾರದ ಭಾಗ) ಮುಂದಕ್ಕೆ ಬರುವ ಹೊತ್ತಿಗೆ ಎದುರು ಬಾಗಿಲಿನ ಕೋನ್ ಹಿಂದಕ್ಕೆ ಸರಿಯುತ್ತದೆ. 60 ಹರ್ಟ್ಸ್ ಧ್ವನಿಯ ಒಂದು ತರಂಗದ ಉದ್ದ ಸುಮಾರು 5.7 ಮೀಟರ್; ನಿಮ್ಮ ಕಾರಿನ ಎರಡು ಬಾಗಿಲುಗಳ ನಡುವಿನ ಅಂತರವೋ ಒಂದೂವರೆ ಮೀಟರಿಗಿಂತಲೂ ಕಡಿಮೆ. ಇಷ್ಟು ಉದ್ದದ ತರಂಗಕ್ಕೆ ಆ ಎರಡು ಸ್ಪೀಕರುಗಳು ಒಂದೇ ಜಾಗದಲ್ಲಿದ್ದಂತೆಯೇ ಸರಿ. ಹೀಗಾಗಿ ಒಂದು ಒತ್ತಿದ ಗಾಳಿಯನ್ನು ಇನ್ನೊಂದು ಹೀರಿಕೊಂಡು ಬೇಸ್ ಅಲ್ಲಿಗಲ್ಲಿಗೇ ವಜಾ ಆಗಿಬಿಡುತ್ತದೆ. ಹಾಡುಗಾರರ ದನಿ, ವಯಲಿನ್, ಕೊಳಲು ಮುಂತಾದವುಗಳ ತರಂಗಗಳು ಚಿಕ್ಕವಾದ್ದರಿಂದ ಅವು ಹಾಗೆ ವಜಾ ಆಗುವುದಿಲ್ಲ. ಸ್ಪಷ್ಟತೆ ಇದೆ, ಬೇಸ್ ಇಲ್ಲ ಎಂಬ ನಿಮ್ಮ ದೂರು ಈ ದೋಷಕ್ಕೆ ಸರಿಯಾಗಿ ಹೊಂದುತ್ತದೆ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಕಿಲ್ಲ. ಸ್ಟೀರಿಯೊದ ಫೇಡರನ್ನು ಪೂರ್ತಿ ಮುಂದಕ್ಕೆ ತಂದು ಮುಂಬಾಗಿಲುಗಳು ಮಾತ್ರ ನುಡಿಯುವಂತೆ ಮಾಡಿ, ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಾಕಿ, ಬ್ಯಾಲೆನ್ಸನ್ನು ನಡುವಿನಿಂದ ನಿಧಾನವಾಗಿ ಒಂದು ಬದಿಗೆ ಪೂರ್ತಿ ಸರಿಸಿ. ಒಂದೇ ಸ್ಪೀಕರ್ ನುಡಿಯುವಾಗ ಬೇಸ್ ಹೆಚ್ಚಾಗಿ, ಎರಡೂ ನುಡಿಯುವಾಗ ಕಡಿಮೆಯಾದರೆ ತಂತಿ ತಿರುವುಮುರುವಾಗಿದೆ ಎಂದೇ ಅರ್ಥ. ಅನಂತರ ಫೇಡರನ್ನು ಹಿಂದಕ್ಕೆ ಸರಿಸಿ ಹಿಂಬಾಗಿಲುಗಳನ್ನೂ ಹೀಗೆಯೇ ನೋಡಿ. ಯಾವ ಸ್ಪೀಕರಿನಲ್ಲಿ ತಪ್ಪಾಗಿದೆ ಎಂದು ಖಚಿತಪಡಿಸಿಕೊಳ್ಳಲು, ಸ್ಟೀರಿಯೊದ ಹಿಂದಿನ ಕಪ್ಲರನ್ನು ಬಿಡಿಸಿ, ಒಂದೂವರೆ ವೋಲ್ಟಿನ ಪೆನ್ ಸೆಲ್ ಒಂದರ ಎರಡು ತುದಿಗಳನ್ನು ಆ ಸ್ಪೀಕರಿನ ತಂತಿಗಳಿಗೆ ಒಂದು ಕ್ಷಣ ಮಾತ್ರ ತಾಗಿಸಿ ತೆಗೆಯಬೇಕು. ಆಗ 'ಟಪ್' ಎಂಬ ಸಣ್ಣ ಸದ್ದಿನೊಡನೆ ಕೋನ್ ಹೊರಕ್ಕೆ ನೆಗೆದರೆ, ಸೆಲ್ಲಿನ ಪಾಸಿಟಿವ್ ತಾಗಿದ ತಂತಿಯೇ ಸ್ಪೀಕರಿನ ಪಾಸಿಟಿವ್. ಒಳಕ್ಕೆ ಸರಿದರೆ ಅದು ನೆಗೆಟಿವ್. ಸ್ಟೀರಿಯೊ ಜೋಡಣೆಯಲ್ಲಿರುವಾಗ ಮಾತ್ರ ಸೆಲ್ಲನ್ನು ತಾಗಿಸಬೇಡಿ.

ತಂತಿ ಸರಿಯಿದ್ದರೆ ಎರಡನೆಯ ಅನುಮಾನ ಬಾಗಿಲಿನ ಮೇಲೆ. ಸ್ಪೀಕರಿನ ಕೋನ್ ಮುಂದಕ್ಕೆ ಎಷ್ಟು ಗಾಳಿಯನ್ನು ತಳ್ಳುತ್ತದೆಯೋ ಅಷ್ಟನ್ನೇ ಹಿಂದಿನಿಂದ ಎಳೆಯುತ್ತದೆ. ಹಿಂಬದಿಯ ಈ ಅಲೆ ಮುಂದಕ್ಕೆ ಸುತ್ತಿಕೊಂಡು ಬಂದರೆ ಮತ್ತೆ ಅದೇ ವಜಾ. ಬಾಗಿಲಿನ ಒಳಪ್ಯಾನೆಲನ್ನು ಬಿಚ್ಚಿ ನೋಡಿದರೆ ಅಲ್ಲಿನ ತಗಡಿನಲ್ಲಿ ಅಂಗೈ ತೂರುವಷ್ಟು ದೊಡ್ಡ ರಂಧ್ರಗಳು ಕಾಣುತ್ತವೆ. ಕಾರ್ಖಾನೆಯಲ್ಲಿ ಇವುಗಳ ಮೇಲೆ ಕಪ್ಪು ಅಂಟಿನಿಂದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಸ್ಪೀಕರ್ ಬದಲಾಯಿಸುವ ಅವಸರದಲ್ಲಿ ಈ ಹಾಳೆ ಹರಿದಿದ್ದರೂ ಹಾಗೆಯೇ ಮುಚ್ಚಿಬಿಡುವುದುಂಟು. ಬ್ಯುಟೈಲ್ ರಬ್ಬರಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಡ್ಯಾಂಪಿಂಗ್ ಶೀಟನ್ನು ಮೊದಲು ಬಾಗಿಲಿನ ಹೊರತಗಡಿನ ಒಳಮೈಗೆ, ಅಂದರೆ ಸ್ಪೀಕರಿನ ಬೆನ್ನ ಹಿಂದಿನ ಭಾಗಕ್ಕೆ, ರೋಲರಿನಿಂದ ಒತ್ತಿ ಅಂಟಿಸಬೇಕು. ಅನಂತರ ಒಳತಗಡಿನ ದೊಡ್ಡ ರಂಧ್ರಗಳಿಗೆ ತೆಳುವಾದ ಅಲ್ಯೂಮಿನಿಯಂ ತಗಡಿನ ಆಸರೆ ಕೊಟ್ಟು ಅದರ ಮೇಲೆ ಅದೇ ಶೀಟನ್ನು ಮುಚ್ಚಬೇಕು. ಆಸರೆಯಿಲ್ಲದೆ ಬರೀ ಶೀಟನ್ನು ಚಾಚಿದರೆ ಅದು ಬೇಸಿಗೆ ಸರಿಯಾಗಿ ತಮಟೆಯ ಚರ್ಮದಂತೆ ಅದುರುತ್ತದೆ.

ಈ ಕೆಲಸದಲ್ಲಿ ಒಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳಲೇಬೇಕು. ಮಳೆನೀರು ಕಿಟಕಿಯ ಗಾಜಿನ ಪಕ್ಕದಿಂದ ಬಾಗಿಲಿನೊಳಗೆ ಇಳಿಯುವುದು ಸಹಜ. ಅದು ಹರಿದುಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ಸೀಳುಗಳಿರುತ್ತವೆ. ಅವುಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಬಾಗಿಲಿನೊಳಗೆ ಹತ್ತಿಯನ್ನೋ ಸೋಫಾದ ಫೋಮನ್ನೋ ತುರುಕುವುದು ಕೂಡ ಬೇಡ; ಅದು ನೀರು ಕುಡಿದು ಕುಳಿತರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗಿಗೆ ಸಂಬಂಧಿಸಿದ ಸೆನ್ಸರ್ ಬಾಗಿಲಿನೊಳಗೇ ಇರುತ್ತದೆ. ನಿಮ್ಮ ಕಾರಿನಲ್ಲಿ ಅದಿದ್ದರೆ ಬಾಗಿಲಿನ ರಂಧ್ರಗಳನ್ನು ಮುಚ್ಚುವ ಮೊದಲು ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ.

ಸ್ಪೀಕರ್ ಕೂರುವ ರಿಂಗ್ ಗಟ್ಟಿಯಾದ ಪ್ಲಾಸ್ಟಿಕ್ಕಿನದಾಗಿರಲಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯದಾದರೆ ಅದಕ್ಕೆ ಬಣ್ಣ ಬಳಿಸಿ, ಇಲ್ಲವಾದರೆ ಒಂದು ಮಳೆಗಾಲದಲ್ಲಿ ಊದಿಕೊಳ್ಳುತ್ತದೆ. ಸ್ಪೀಕರಿಗೂ ರಿಂಗಿಗೂ ನಡುವೆ, ರಿಂಗಿಗೂ ತಗಡಿಗೂ ನಡುವೆ ಫೋಮ್ ಟೇಪ್ ಇರಬೇಕು. ಇಷ್ಟಾದ ಮೇಲೂ ಬೇಸ್ ಸ್ವಲ್ಪ ಸೊರಗಿದ್ದರೆ ಹೊಸ ಸ್ಪೀಕರಿನ ಸೆನ್ಸಿಟಿವಿಟಿಯನ್ನು, ಅಂದರೆ ಕೊಟ್ಟ ಶಕ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನು, ನೋಡಿ. ಕಂಪನಿಯ ಹಗುರವಾದ ಕಾಗದದ ಕೋನಿಗಿಂತ ಅದು 3 ಡೆಸಿಬೆಲ್ ಕಡಿಮೆಯಿದ್ದರೆ ಅದೇ ಸದ್ದಿಗೆ ಎರಡು ಪಟ್ಟು ಶಕ್ತಿ ಬೇಕಾಗುತ್ತದೆ. ಆಗ ಬೇಕಾಗುವುದು ಸಣ್ಣದೊಂದು ನಾಲ್ಕು ಚಾನೆಲ್ ಆಂಪ್ಲಿಫೈಯರ್, ಸಬ್‌ವೂಫರ್ ಅಲ್ಲ.

ಪ್ರಶ್ನೆ: ನನ್ನ ಸ್ಟೀರಿಯೊದ ಡಬ್ಬದ ಮೇಲೆ '50 ವ್ಯಾಟ್ × 4' ಎಂದಿದೆ. ಹಾಗಿದ್ದರೆ 200 ವ್ಯಾಟ್ ಇದ್ದೂ ಬೇಸ್ ಏಕೆ ಬರುವುದಿಲ್ಲ? ಬೇಸ್ ಬೂಸ್ಟನ್ನು ಪೂರ್ತಿ ಏರಿಸಿದರೆ ಸ್ಪೀಕರ್ ಗೊರಗೊರ ಎನ್ನುತ್ತದೆ. ಸಬ್‌ವೂಫರಿಗೆ ಎಷ್ಟು ವ್ಯಾಟಿನ ಆಂಪ್ಲಿಫೈಯರ್ ಕೊಳ್ಳಬೇಕು, ಅದರ ಗೇನನ್ನು ಎಲ್ಲಿಗೆ ನಿಲ್ಲಿಸಬೇಕು?
— ಓದುಗರು, ಬಟವಾಡಿ, ತುಮಕೂರು

ಉತ್ತರ: ಡಬ್ಬದ ಮೇಲಿನ 50 ವ್ಯಾಟ್ ಎಂಬುದು ಕ್ಷಣಮಾತ್ರದ ಗರಿಷ್ಠ ಅಂಕಿ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಒಳಗೆ ವೋಲ್ಟೇಜನ್ನು ಏರಿಸುವ ಪ್ರತ್ಯೇಕ ಸರ್ಕ್ಯೂಟ್ ಇಲ್ಲದ ಸ್ಟೀರಿಯೊ ಆ 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ವಿರೂಪವಿಲ್ಲದೆ ಕೊಡಬಹುದಾದದ್ದು ಲೆಕ್ಕದ ಪ್ರಕಾರವೇ ಸುಮಾರು 26 ವ್ಯಾಟ್ ಮೀರುವುದಿಲ್ಲ. ವಾಸ್ತವದಲ್ಲಿ ಸಿಗುವುದು 15ರಿಂದ 20 ವ್ಯಾಟ್. ಆದ್ದರಿಂದ ಯಾವುದನ್ನೇ ಕೊಳ್ಳುವಾಗಲೂ 'ಆರ್‌ಎಂಎಸ್' ಎಂಬ, ಅಂದರೆ ಸತತವಾಗಿ ಕೊಡಬಲ್ಲ ಅಥವಾ ತಾಳಬಲ್ಲ ಶಕ್ತಿಯ, ಅಂಕಿಯನ್ನು ಮಾತ್ರ ನೋಡಿ. 'ಮ್ಯಾಕ್ಸ್', 'ಪೀಕ್' ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಬ್‌ವೂಫರಿನ ಆರ್‌ಎಂಎಸ್ 300 ವ್ಯಾಟ್ ಆಗಿದ್ದರೆ, ಅದರ ಓಮ್‌ಗೆ ಸರಿಯಾಗಿ 300 ವ್ಯಾಟ್ ಆರ್‌ಎಂಎಸ್ ಕೊಡುವ ಮೋನೊ ಆಂಪ್ಲಿಫೈಯರ್ ಸಾಕು. ಎರಡು ಕಾಯಿಲುಗಳಿರುವ (ಕೋನನ್ನು ಅಲುಗಿಸುವ ತಂತಿಯ ಸುರುಳಿಗಳು) ಸಬ್‌ವೂಫರಾದರೆ, ತಲಾ 4 ಓಮ್‌ನ ಆ ಕಾಯಿಲುಗಳನ್ನು ಸಾಲಾಗಿ ಜೋಡಿಸಿದರೆ 8 ಓಮ್, ಸಮಾನಾಂತರವಾಗಿ ಜೋಡಿಸಿದರೆ 2 ಓಮ್ ಆಗುತ್ತದೆ. ಆ 2 ಓಮನ್ನು ತಾಳಿಕೊಳ್ಳುವ ಆಂಪ್ಲಿಫೈಯರ್ ಹೌದೋ ಅಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ.

ಬೇಸ್ ಬೂಸ್ಟಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಬೂಸ್ಟನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು, 12 ಡೆಸಿಬೆಲ್ ಏರಿಸಿದರೆ ಸುಮಾರು ಹದಿನಾರು ಪಟ್ಟು ಶಕ್ತಿ ಬೇಕು. ಇರುವ 18 ವ್ಯಾಟಿನಲ್ಲಿ ಹದಿನಾರು ಪಟ್ಟನ್ನು ಎಲ್ಲಿಂದ ತರುವುದು? ಸಾಲದಾದಾಗ ಆಂಪ್ಲಿಫೈಯರು ತರಂಗದ ತುದಿಗಳನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಅದನ್ನೇ ಕ್ಲಿಪ್ಪಿಂಗ್ ಎನ್ನುವುದು. ಇನ್ನೊಂದೆಡೆ, ಸ್ವರ ಅರ್ಧಕ್ಕೆ ಇಳಿದಾಗ, ಅಂದರೆ 80 ಹರ್ಟ್ಸಿನಿಂದ 40ಕ್ಕೆ ಬಂದಾಗ, ಅದೇ ಜೋರು ಬರಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಅಲುಗಬೇಕು. ಬಾಗಿಲಿನ ಸಣ್ಣ ಸ್ಪೀಕರಿಗೆ ಅಷ್ಟು ಅವಕಾಶವಿಲ್ಲ. ನೀವು ಕೇಳುತ್ತಿರುವ ಗೊರಗೊರ ಸದ್ದು ಈ ಎರಡು ಕಾರಣಗಳಿಂದ. ಸಬ್‌ವೂಫರ್ ಬಂದ ಮೇಲೆ ಬಾಗಿಲಿನ ಸ್ಪೀಕರುಗಳಿಗೆ 80 ಹರ್ಟ್ಸಿನ ಹೈಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನ ಸ್ವರಗಳನ್ನು ಮಾತ್ರ ಬಿಡುವುದು) ಹಾಕಿ, ಸಬ್‌ವೂಫರಿಗೆ 80ರ ಲೋಪಾಸ್ (ಕೆಳಗಿನವನ್ನು ಮಾತ್ರ ಬಿಡುವುದು) ಕೊಟ್ಟು, ಬೂಸ್ಟನ್ನು ಸೊನ್ನೆಯಲ್ಲಿ ಬಿಟ್ಟುಬಿಡಿ. ಬಾಗಿಲಿನ ಸ್ಪೀಕರುಗಳ ಹೊರೆ ಇಳಿದ ಕೂಡಲೇ ಹಾಡಿನ ಉಳಿದ ಭಾಗವೂ ತಿಳಿಯಾಗುವುದನ್ನು ನೀವೇ ಗಮನಿಸುವಿರಿ.

ಗೇನ್ ಎಂಬುದು ವಾಲ್ಯೂಮ್ ಅಲ್ಲ. ಸ್ಟೀರಿಯೊ ಕಳುಹಿಸುವ ಸಂಕೇತಕ್ಕೂ ಆಂಪ್ಲಿಫೈಯರಿನ ಸಾಮರ್ಥ್ಯಕ್ಕೂ ಹೊಂದಾಣಿಕೆ ಮಾಡುವ ತಿರುಗಣೆ. ಅದನ್ನು ಮಲ್ಟಿಮೀಟರಿನಿಂದ ಹೊಂದಿಸುವುದೇ ಉತ್ತಮ. ಆಂಪ್ಲಿಫೈಯರಿನ ಆರ್‌ಎಂಎಸ್ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬರಬೇಕಾದ ವೋಲ್ಟೇಜ್ ಸಿಗುತ್ತದೆ: 300 ವ್ಯಾಟ್, 4 ಓಮ್ ಆದರೆ 34.6 ವೋಲ್ಟ್, 2 ಓಮ್ ಆದರೆ 24.5 ವೋಲ್ಟ್. ಸಬ್‌ವೂಫರಿನ ತಂತಿಯನ್ನು ಬಿಡಿಸಿ, ಸ್ಟೀರಿಯೊದ ಈಕ್ವಲೈಸರ್ ಪೂರ್ತಿ ಸಮತಟ್ಟಾಗಿಟ್ಟು, ವಾಲ್ಯೂಮನ್ನು ಮುಕ್ಕಾಲು ಭಾಗ ಏರಿಸಿ, 50 ಹರ್ಟ್ಸಿನ ಪರೀಕ್ಷಾ ಸ್ವರವನ್ನು ನುಡಿಸಿ. ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಆಂಪ್ಲಿಫೈಯರಿನ ಸ್ಪೀಕರ್ ತುದಿಗಳಿಗೆ ಹಿಡಿದು, ಸಣ್ಣ ಸ್ಕ್ರೂಡ್ರೈವರಿನಿಂದ ಗೇನನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಬಂದರೆ ಅಂಕಿ ಏರುವುದು ಕಾಣುತ್ತದೆ. ಲೆಕ್ಕದ ವೋಲ್ಟೇಜ್ ಬಂದಲ್ಲಿ ನಿಲ್ಲಿಸಿ. ಆಮೇಲೆ ಬೇಸ್ ಹೆಚ್ಚೆನಿಸಿದರೆ ಗೇನ್ ಇಳಿಸಬಹುದು, ಆದರೆ ಆ ಗುರುತಿನಿಂದ ಮೇಲಕ್ಕೆ ಏರಿಸಬಾರದು.

ಪ್ರಶ್ನೆ: ಮನೆಯ ಮುಂದೆ ಕಾರು ನಿಂತಿರುವಾಗ ಬೇಸ್ ತೃಪ್ತಿಕರವಾಗಿದೆ. ಕ್ಯಾತ್ಸಂದ್ರ ದಾಟಿ ಬೆಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ವೇಗ ಹಿಡಿದ ಕೂಡಲೇ ಬೇಸ್ ಮಾಯವಾಗುತ್ತದೆ. ಸ್ಟೀರಿಯೊ ಕೆಟ್ಟಿದೆಯೇ?
— ಓದುಗರು, ತುಮಕೂರು

ಉತ್ತರ: ಕೆಟ್ಟಿಲ್ಲ. ಟೈರಿನಿಂದಲೂ ರಸ್ತೆಯಿಂದಲೂ ಏಳುವ ಸದ್ದಿನಲ್ಲಿ ಕೆಳಸ್ವರಗಳೇ ಹೆಚ್ಚು. ಅವು ಹಾಡಿನ ಕೆಳಸ್ವರಗಳನ್ನೇ ಮುಚ್ಚಿಹಾಕುತ್ತವೆ. ಹಾಡುಗಾರರ ದನಿಗೆ ಅಷ್ಟು ತೊಂದರೆಯಾಗುವುದಿಲ್ಲ. ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿದರೂ ಬೇಸ್ ಇಳಿದುಹೋಗುತ್ತದೆ, ಏಕೆಂದರೆ ಸುಮಾರು 60 ಹರ್ಟ್ಸಿಗಿಂತ ಕೆಳಗೆ ಕಾರಿನ ಒಳಭಾಗವೇ ಮುಚ್ಚಿದ ಕೋಣೆಯಾಗಿ ಗಾಳಿಯ ಒತ್ತಡವನ್ನು ಹಿಡಿದಿಟ್ಟು ಬೇಸಿಗೆ ನೆರವಾಗುತ್ತಿರುತ್ತದೆ. ಟೈರಿನ ಗಾಳಿಯನ್ನು ಕಂಪನಿ ಸೂಚಿಸಿದ ಮಟ್ಟಕ್ಕೆ ತನ್ನಿ, ಬಾಗಿಲಿನ ರಬ್ಬರ್ ಬೀಡಿಂಗ್ ಸವೆದಿದ್ದರೆ ಬದಲಾಯಿಸಿ, ಹಿಂದಿನ ಚಕ್ರಗಳ ಮೇಲ್ಭಾಗದ ತಗಡಿಗೆ ಒಳಗಿನಿಂದ ಡ್ಯಾಂಪಿಂಗ್ ಶೀಟ್ ಹಾಕಿಸಿ. ಸದ್ದನ್ನು ಇಳಿಸಿ ಪಡೆದ ಬೇಸಿಗೆ ಒಂದು ವ್ಯಾಟೂ ಖರ್ಚಾಗುವುದಿಲ್ಲ. ವೇಗಕ್ಕೆ ತಕ್ಕಂತೆ ವಾಲ್ಯೂಮ್ ಏರಿಸುವ ಸೌಲಭ್ಯ ನಿಮ್ಮ ಸ್ಟೀರಿಯೊದಲ್ಲಿದ್ದರೆ ಅದನ್ನು ಮಧ್ಯಮ ಮಟ್ಟದಲ್ಲಿಡಬಹುದು.

ಪ್ರಶ್ನೆ: ನನ್ನದು ಡಿಕ್ಕಿ ಇರುವ ಸೆಡಾನ್ ಕಾರು. 12 ಇಂಚಿನ ಸಬ್‌ವೂಫರ್ ತಂದಿದ್ದೇನೆ. ಮನೆ ಕಟ್ಟಿಸಿದಾಗ ಉಳಿದ ಒಳ್ಳೆಯ ತೇಗದ ಹಲಗೆ ಇದೆ. ನಮ್ಮೂರ ಬಡಗಿಯವರಿಂದ ಅದರಲ್ಲೇ ಪೆಟ್ಟಿಗೆ ಮಾಡಿಸಬಹುದೇ? ಪೂರ್ತಿ ಮುಚ್ಚಿದ ಪೆಟ್ಟಿಗೆ ಒಳ್ಳೆಯದೋ, ಕೊಳವೆ ಬಿಟ್ಟದ್ದೋ? ಹೆಚ್ಚಾಗಿ ಜಾನಪದ ಗೀತೆ, ಚಿತ್ರಗೀತೆ ಕೇಳುತ್ತೇವೆ.
— ಓದುಗರು, ತಿಪಟೂರು

ಉತ್ತರ: ತೇಗವನ್ನು ಮನೆಯ ಬಾಗಿಲಿಗೋ ಕುರ್ಚಿಗೋ ಉಳಿಸಿಕೊಳ್ಳಿ. ಸಬ್‌ವೂಫರ್ ಪೆಟ್ಟಿಗೆಗೆ ಮರದ ಜಾತಿ ಮುಖ್ಯವಲ್ಲ. ಹಲಗೆ ಅದುರದಷ್ಟು ಗಟ್ಟಿಯಾಗಿರಬೇಕು, ಸಂದುಗಳಲ್ಲಿ ಗಾಳಿ ಸೋರಬಾರದು, ಒಳಗಿನ ಗಾತ್ರ ಸರಿಯಾಗಿರಬೇಕು. ತೇವ ಏರಿಳಿದಂತೆ ಹಿಗ್ಗಿ ಕುಗ್ಗುವ ಮರಕ್ಕಿಂತ 18 ಮಿಲಿಮೀಟರ್ ಎಂಡಿಎಫ್ ಅಥವಾ ಒಳ್ಳೆಯ ಪ್ಲೈವುಡ್ ಈ ಕೆಲಸಕ್ಕೆ ಸರಿಯಾಗಿ ಒದಗುತ್ತದೆ.

ಗಾತ್ರವನ್ನು ಅಂದಾಜಿನಲ್ಲಿ ನಿರ್ಧರಿಸಬೇಡಿ. ಸಬ್‌ವೂಫರಿನೊಂದಿಗೆ ಬಂದ ಚೀಟಿಯಲ್ಲಿ ತಯಾರಕರೇ ಎಷ್ಟು ಘನ ಅಡಿ ಅಥವಾ ಲೀಟರ್ ಬೇಕೆಂದು ಸೂಚಿಸಿರುತ್ತಾರೆ. ಅದರ ಹಿಂದಿರುವುದು ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಮುಂದುವರಿಸಿದ ಲೆಕ್ಕಾಚಾರ. ಕೋನಿನ ತೂಕ, ಅದರ ಅಂಚಿನ ಬಿಗಿ, ಕಾಯಿಲಿನ ಬಲ ಇವುಗಳಿಂದ ಪೆಟ್ಟಿಗೆಯ ಗಾತ್ರ ತೀರ್ಮಾನವಾಗುತ್ತದೆ. ಒಂದು ಘನ ಅಡಿ ಎಂದರೆ 28.3 ಲೀಟರ್. ಉದಾಹರಣೆಗೆ ಒಳ ಅಳತೆ 40, 30, 24 ಸೆಂಟಿಮೀಟರ್ ಇದ್ದರೆ 28.8 ಲೀಟರ್ ಆಗುತ್ತದೆ. ಹಲಗೆಯ ದಪ್ಪ ಎರಡೂ ಬದಿಗೆ ಸೇರುವುದರಿಂದ ಹೊರ ಅಳತೆ 43.6, 33.6, 27.6 ಎಂದು ಬಡಗಿಯವರಿಗೆ ಬರೆದುಕೊಡಿ. ಸಬ್‌ವೂಫರಿನ ಮ್ಯಾಗ್ನೆಟ್ ಒಳಗೆ ಆಕ್ರಮಿಸುವ ಜಾಗವನ್ನು ಇದಕ್ಕೆ ಬೇರೆಯಾಗಿ ಸೇರಿಸಬೇಕು. ಅದನ್ನೂ ಚೀಟಿಯಲ್ಲೇ ಕೊಟ್ಟಿರುತ್ತಾರೆ.

ನೀವು ಕೇಳುವ ಸಂಗೀತಕ್ಕೆ ನನ್ನ ಆಯ್ಕೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಡೊಳ್ಳಿನ ಪೆಟ್ಟು ಬಿದ್ದಲ್ಲಿ ಬಿದ್ದು, ನಿಂತಲ್ಲಿ ನಿಲ್ಲಬೇಕು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಕೋನನ್ನು ಹಿಡಿದು ನಿಲ್ಲಿಸುವುದರಿಂದ ಆ ಬಿಗಿ ಸಿಗುತ್ತದೆ. ಅದರ ಬೇಸ್ ಕೆಳಕ್ಕಿಳಿದಂತೆ ಪ್ರತಿ ಆಕ್ಟೇವಿಗೆ (ಸ್ವರ ಅರ್ಧಕ್ಕೆ ಇಳಿಯುವ ಪ್ರತಿ ಮೆಟ್ಟಿಲಿಗೆ) 12 ಡೆಸಿಬೆಲ್ಲಿನಂತೆ ಕುಗ್ಗುತ್ತದಾದರೂ, ಮೇಲೆ ಹೇಳಿದ ಕಾರಿನ ಒಳಾಂಗಣದ ನೆರವು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಕೊಳವೆ ಬಿಟ್ಟ ಪೆಟ್ಟಿಗೆ ತನ್ನ ಟ್ಯೂನಿಂಗ್ ಸ್ವರದ ಆಸುಪಾಸಿನಲ್ಲಿ ಜೋರಾಗಿ ಗುಡುಗುತ್ತದೆ ನಿಜ, ಆದರೆ ಅದಕ್ಕಿಂತ ಕೆಳಗೆ ಆಕ್ಟೇವಿಗೆ 24 ಡೆಸಿಬೆಲ್ಲಿನಂತೆ ಕುಸಿಯುತ್ತದೆ. ಅಲ್ಲಿ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲವಾದ್ದರಿಂದ ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದಿದ್ದರೆ ಕಾಯಿಲಿಗೆ ಅಪಾಯ. ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಮುಚ್ಚಿದ ಪೆಟ್ಟಿಗೆ ಸಹಿಸಿಕೊಳ್ಳುತ್ತದೆ, ಕೊಳವೆಯದು ಸಹಿಸುವುದಿಲ್ಲ.

ಪೆಟ್ಟಿಗೆ ಸಿದ್ಧವಾದ ಮೇಲೆ ಒಳಸಂದುಗಳಿಗೆಲ್ಲ ಸಿಲಿಕೋನ್ ಹಚ್ಚಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಸಬ್‌ವೂಫರ್ ಕೂರಿಸಿ 30 ಹರ್ಟ್ಸಿನ ಸ್ವರವನ್ನು ಮೆಲ್ಲಗೆ ನುಡಿಸಿ. ಹೊತ್ತಿಸಿದ ಊದುಬತ್ತಿಯೊಂದನ್ನು ಪ್ರತಿಯೊಂದು ಅಂಚಿನ ಪಕ್ಕದಲ್ಲಿ, ತಂತಿ ಹೊರಬರುವ ಟರ್ಮಿನಲಿನ ಸುತ್ತಲೂ ನಿಧಾನವಾಗಿ ಸರಿಸಿ. ನೇರವಾಗಿ ಏಳುತ್ತಿರುವ ಹೊಗೆ ಎಲ್ಲಿ ನಡುಗುತ್ತದೆಯೋ ಅಲ್ಲಿ ಸೋರಿಕೆ ಇದೆ. ಕಿಡಿ ಸಿಲಿಕೋನಿಗೂ ಕೋನಿಗೂ ತಾಗದಿರಲಿ.

ಸೆಡಾನಿನಲ್ಲಿ ಇನ್ನೊಂದು ತೊಡಕಿದೆ. ಡಿಕ್ಕಿ ಮತ್ತು ಕೂರುವ ಜಾಗದ ನಡುವೆ ಹಿಂಸೀಟಿನ ಬೆನ್ನು ಮತ್ತು ತಗಡು ಅಡ್ಡವಿರುತ್ತವೆ. ಕೋನ್ ಹಿಂದಕ್ಕೆ, ಡಿಕ್ಕಿಯ ಬಾಗಿಲಿನ ಕಡೆಗೆ ಮುಖ ಮಾಡಿರುವಂತೆ ಪೆಟ್ಟಿಗೆಯನ್ನಿಟ್ಟು, ಹಿಂಸೀಟಿನ ನಡುವಿನ ತೋಳಾಸರೆಯ ಹಿಂದೆ ಡಿಕ್ಕಿಗೆ ಕಿಂಡಿ ಇದ್ದರೆ ಅದನ್ನು ತೆರೆದು ಕೇಳಿ ನೋಡಿ. ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಕೋನಿನ ಚಲನೆಯ ದಿಕ್ಕನ್ನು ತಿರುಗಿಸುವ, ಆಂಪ್ಲಿಫೈಯರಿನ ಫೇಸ್ ಸ್ವಿಚ್ಚನ್ನು 0 ಮತ್ತು 180 ಡಿಗ್ರಿಗಳ ನಡುವೆ ಬದಲಾಯಿಸಿ, ಚಾಲಕರ ಸೀಟಿನಲ್ಲಿ ಕುಳಿತಾಗ ಯಾವುದರಲ್ಲಿ ಬೇಸ್ ತುಂಬಿ ಬರುತ್ತದೆಯೋ ಅಲ್ಲಿ ಬಿಡಿ. ಇದನ್ನು ಪುಸ್ತಕ ನೋಡಿ ನಿರ್ಧರಿಸಲಾಗದು, ಕಿವಿಯಿಂದಲೇ ನಿರ್ಧರಿಸಬೇಕು. ನಂಬರ್ ಪ್ಲೇಟ್ ಗಲಗಲ ಎಂದರೆ ಅದರ ಹಿಂದೆ ಫೋಮ್ ಟೇಪ್ ಅಂಟಿಸಿ.

ಪ್ರಶ್ನೆ: ಸಬ್‌ವೂಫರಿನ ಒಂದೊಂದು ಪೆಟ್ಟಿಗೂ ಹೆಡ್‌ಲೈಟ್ ಮಂಕಾಗುತ್ತದೆ. ದೊಡ್ಡ ಬ್ಯಾಟರಿ ಹಾಕಿಸಲು ಹೇಳುತ್ತಾರೆ. ಜೊತೆಗೆ ಎಂಜಿನ್ ವೇಗ ಏರಿದಂತೆ ಸ್ಪೀಕರಿನಲ್ಲಿ 'ಕುಂಯ್' ಎಂಬ ಸದ್ದು ಏರುತ್ತದೆ. ಆಂಪ್ಲಿಫೈಯರ್ 300 ವ್ಯಾಟಿನದು.
— ಓದುಗರು, ಶಿರಾ

ಉತ್ತರ: ಬ್ಯಾಟರಿಗೆ ಹಣ ಕೊಡುವ ಮೊದಲು ಆಂಪ್ಲಿಫೈಯರಿಗೆ ಯಾವ ತಂತಿ ಎಳೆದಿದ್ದಾರೆಂದು ನೋಡಿ. ನಿಮ್ಮ ಆಂಪ್ಲಿಫೈಯರ್ ಕ್ಲಾಸ್ ಡಿ (ಕಡಿಮೆ ವಿದ್ಯುತ್ ವ್ಯರ್ಥ ಮಾಡುವ ಬಗೆ) ಆಗಿದ್ದು ಶೇ 80ರಷ್ಟು ದಕ್ಷತೆಯುಳ್ಳದ್ದೆಂದು ಇಟ್ಟುಕೊಂಡರೂ, ಪೂರ್ತಿ ಜೋರಿನಲ್ಲಿ ಅದು 375 ವ್ಯಾಟ್ ಎಳೆಯುತ್ತದೆ, 13.8 ವೋಲ್ಟಿನಲ್ಲಿ ಅದು 27 ಆಂಪಿಯರ್. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬಾನೆಟ್ಟಿನಿಂದ ಡಿಕ್ಕಿಯವರೆಗೆ 5 ಮೀಟರ್ ಎಳೆದಿದ್ದರೆ ಆ ತಂತಿಯೊಂದರಲ್ಲೇ ಸುಮಾರು ಒಂದು ವೋಲ್ಟ್ ಬಿಸಿಯಾಗಿ ವ್ಯರ್ಥವಾಗುತ್ತದೆ. 8 ಗೇಜಿನ ಅಪ್ಪಟ ತಾಮ್ರದ ತಂತಿಯಾದರೆ ಈ ನಷ್ಟ 0.3 ವೋಲ್ಟಿನೊಳಗೆ ಉಳಿಯುತ್ತದೆ. ಅಗ್ಗದ ಕಿಟ್ಟುಗಳಲ್ಲಿ ಬರುವುದು ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಲೇಪಿಸಿದ 'ಸಿಸಿಎ' ತಂತಿ. ಅದರ ವಾಹಕತೆ ತಾಮ್ರದ ಮೂರನೇ ಎರಡು ಭಾಗದಷ್ಟು ಮಾತ್ರ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಿಬಣ್ಣ ಕಂಡರೆ ಅನುಮಾನ ಪಡಿ. ತವರ ಲೇಪಿಸಿದ ತಾಮ್ರವೂ ಹೊರಗೆ ಬಿಳಿಯಾಗಿ ಕಾಣುತ್ತದೆ, ಆದರೆ ಅದನ್ನು ಕೆರೆದಾಗ ಕೆಂಪು ಕಾಣಿಸುತ್ತದೆ.

ಪರೀಕ್ಷೆ ಹೀಗಿರಲಿ: ಎಂಜಿನ್ ಚಾಲೂ ಇಟ್ಟು, ಬೇಸ್ ಜೋರಾಗಿರುವ ಹಾಡು ನುಡಿಯುವಾಗ ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ಆಂಪ್ಲಿಫೈಯರಿನ ತುದಿಗಳಲ್ಲಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆಂಪ್ಲಿಫೈಯರಿನ ತಂತಿ ಅಥವಾ ಅದರ ಅರ್ಥಿಂಗ್ ಕೆಟ್ಟಿದೆ. ಬ್ಯಾಟರಿಯಲ್ಲೇ ವೋಲ್ಟೇಜ್ ಬೀಳುತ್ತಿದ್ದರೆ ಮಾತ್ರ ಬ್ಯಾಟರಿ, ಅದರ ಟರ್ಮಿನಲುಗಳು ಮತ್ತು ಆಲ್ಟರ್ನೇಟರನ್ನು ಪರೀಕ್ಷಿಸಬೇಕು. ನಿಮ್ಮ ಹೆಡ್‌ಲೈಟ್ ಮಂಕಾಗುವುದಕ್ಕೆ ಕಾರಣ ಹೆಚ್ಚಾಗಿ ಇಲ್ಲೇ ಸಿಗುತ್ತದೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜು ಶೇ 10ರಷ್ಟು ಇಳಿದರೆ ಶೇ 30ರಷ್ಟು ಕುಗ್ಗುವುದರಿಂದ ಸಣ್ಣ ಇಳಿತವೂ ಕಣ್ಣಿಗೆ ಕಾಣುತ್ತದೆ.

ಫ್ಯೂಸಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ, 8 ಗೇಜಿನ ತಂತಿಗೆ 40 ಆಂಪಿಯರಿನ ಫ್ಯೂಸ್ ಇರಲೇಬೇಕು. ಅದು ಇರುವುದು ತಂತಿಯ ರಕ್ಷಣೆಗೆ. ಬಾನೆಟ್ ಮತ್ತು ಒಳಾಂಗಣದ ನಡುವಿನ ತಗಡಿನ ರಂಧ್ರದಲ್ಲಿ ತಂತಿಯ ಹೊದಿಕೆ ಉಜ್ಜಿ ಹರಿದರೆ, ಫ್ಯೂಸ್ ಇಲ್ಲದ ತಂತಿ ಕಾರಿಗೇ ಬೆಂಕಿ ಹಚ್ಚಬಲ್ಲದು. ಆ ರಂಧ್ರಕ್ಕೆ ರಬ್ಬರ್ ಗ್ರೊಮೆಟ್ ಹಾಕಿಸಿ. ಅರ್ಥಿಂಗ್ ತಂತಿ ಆದಷ್ಟು ಗಿಡ್ಡವಾಗಿರಲಿ. ಅದು ಕೂರುವ ಜಾಗದ ಬಣ್ಣವನ್ನು ಬರೀ ತಗಡು ಕಾಣುವವರೆಗೆ ಉಜ್ಜಿಸಿ, ಬೋಲ್ಟ್ ಬಿಗಿಸಿ, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಿಸಿ. 'ಕುಂಯ್' ಸದ್ದಿಗೂ ಬಹಳ ಸಲ ಈ ಅರ್ಥಿಂಗೇ ಕಾರಣ. ಅದನ್ನು ಸರಿಪಡಿಸಿದ ಮೇಲೂ ಸದ್ದು ಉಳಿದರೆ ಪವರ್ ತಂತಿಯನ್ನು ಕಾರಿನ ಒಂದು ಬದಿಯಿಂದ, ಸಂಗೀತದ ಸಂಕೇತ ಒಯ್ಯುವ ಆರ್‌ಸಿಎ ಕೇಬಲನ್ನು ಇನ್ನೊಂದು ಬದಿಯಿಂದ ಎಳೆಸಿ.

ಪ್ರಶ್ನೆ: ಹೊಸ ಕಾರು, ಕಂಪನಿಯದೇ ಟಚ್ ಸ್ಕ್ರೀನ್. ಅದನ್ನು ತೆಗೆಯುವಂತಿಲ್ಲ. ವಾರಂಟಿಗೆ ಧಕ್ಕೆ ಬಾರದಂತೆ ಬೇಸ್ ಹೆಚ್ಚಿಸಬಹುದೇ?
— ಓದುಗರು, ಮಧುಗಿರಿ

ಉತ್ತರ: ಖರ್ಚಿಲ್ಲದ ಕೆಲಸವನ್ನು ಮೊದಲು ಮಾಡಿ. ಈಕ್ವಲೈಸರಿನಲ್ಲಿ ಬೇಸನ್ನು ಏರಿಸುವ ಬದಲು ಮಧ್ಯದ ಮತ್ತು ಮೇಲಿನ ಸ್ವರಗಳನ್ನು ಎರಡು ಮೂರು ಅಂಕ ಇಳಿಸಿ, ಅನಂತರ ವಾಲ್ಯೂಮ್ ಏರಿಸಿ. ಬೇಸ್ ಎದ್ದು ಕೇಳುತ್ತದೆ, ಸ್ಪೀಕರ್ ಬೇಗ ಗೊರಗುಡುವುದಿಲ್ಲ. ಅದು ಸಾಲದಿದ್ದರೆ, ಸ್ಪೀಕರ್ ತಂತಿಯ ಸಂಕೇತವನ್ನೇ ಸ್ವೀಕರಿಸುವ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಕೊಳ್ಳಿ. ಟಚ್ ಸ್ಕ್ರೀನನ್ನು ಬದಲಾಯಿಸುವ ಅಗತ್ಯವೇ ಬರುವುದಿಲ್ಲ. ನಿಮ್ಮ ಮಾದರಿಗೆ ಹೊಂದುವ ಕಪ್ಲರ್ ಇರುವ ವೈರಿಂಗ್ ಸೆಟ್ ಸಿಕ್ಕರೆ ಕಂಪನಿಯ ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ, ಬೇಡವಾದಾಗ ಬಿಡಿಸಿ ಮೊದಲಿನಂತೆ ಮಾಡಬಹುದು. ತಂತಿ ಕತ್ತರಿಸಿದರೆ ವಿದ್ಯುತ್ ಭಾಗಗಳ ವಾರಂಟಿಯನ್ನು ನಿರಾಕರಿಸಲು ಅದೇ ಕಾರಣವಾಗಬಹುದು. ಷೋರೂಮಿನವರಿಂದ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು. ಕಂಪನಿಯ ಎಷ್ಟೋ ಸ್ಟೀರಿಯೊಗಳು ತಮ್ಮ ಸಣ್ಣ ಸ್ಪೀಕರುಗಳನ್ನು ಕಾಪಾಡಲೆಂದು ವಾಲ್ಯೂಮ್ ಏರಿದಂತೆ ಬೇಸನ್ನು ತಾವಾಗಿಯೇ ಇಳಿಸುತ್ತವೆ. ನಿಮ್ಮದೂ ಹಾಗಿದ್ದರೆ ಅದನ್ನು ಸರಿದೂಗಿಸುವ ಡಿಎಸ್‌ಪಿ (ಸಂಕೇತವನ್ನು ತಿದ್ದುವ ಡಿಜಿಟಲ್ ಭಾಗ) ಇರುವ ಆಂಪ್ಲಿಫೈಯರ್ ಬೇಕಾಗುತ್ತದೆ. ಕಾರು ಎಲೆಕ್ಟ್ರಿಕ್ ಆಗಿದ್ದರೆ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ ಮಾತ್ರ ಸಂಪರ್ಕ ಪಡೆಯಬೇಕು. ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುವುದರಿಂದ ಅವುಗಳ ಹತ್ತಿರವೂ ಕೈ ಹೋಗಕೂಡದು.

ಪ್ರಶ್ನೆ: ಮಗ ಕಾರಿನಲ್ಲಿ ದೊಡ್ಡ ಸಬ್‌ವೂಫರ್ ಹಾಕಿಸಿದ್ದಾನೆ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಕೂರುತ್ತಾಳೆ. ಕಿವಿಗೆ ಎಷ್ಟು ಸದ್ದು ಸುರಕ್ಷಿತ?
— ಓದುಗರು, ಕೊರಟಗೆರೆ

ಉತ್ತರ: ತಮ್ಮ ಕಾಳಜಿ ಸರಿಯಾದದ್ದು. ಕೆಲಸದ ಸ್ಥಳಗಳಿಗೆ ಸಂಬಂಧಿಸಿದ ಪ್ರಚಲಿತ ಸೂತ್ರದ ಪ್ರಕಾರ ದೊಡ್ಡವರಿಗೆ ದಿನಕ್ಕೆ 85 ಡೆಸಿಬೆಲ್ಲಿನಲ್ಲಿ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ. 94 ಡೆಸಿಬೆಲ್ಲಿಗೆ ಒಂದೇ ಗಂಟೆ, 100ಕ್ಕೆ ಕೇವಲ 15 ನಿಮಿಷ. ಮಕ್ಕಳ ವಿಷಯದಲ್ಲಿ ಇದಕ್ಕಿಂತ ಬಹಳ ಕೆಳಗೇ ಇರಬೇಕು. ಮೊಬೈಲ್ ಆಪ್‌ಗಳು ಸಾಮಾನ್ಯವಾಗಿ 'ಎ' ಮಾಪನದಲ್ಲಿ ಅಳೆಯುತ್ತವೆ, ಆ ಮಾಪನ ಬೇಸನ್ನು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಅಂಕಿ ಸಣ್ಣದಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಮಗು ಕಾರಿನಲ್ಲಿರುವಾಗ ಸಬ್‌ವೂಫರಿನ ಮಟ್ಟವನ್ನು ಇಳಿಸುವ ರಿಮೋಟ್ ತಿರುಗಣೆಯನ್ನು ಡ್ಯಾಶ್‌ಬೋರ್ಡಿನ ಬಳಿ ಹಾಕಿಸಲು ಮಗನಿಗೆ ಹೇಳಿ. ಮಾತನಾಡಲು ದನಿ ಎತ್ತಬೇಕಾಗಿ ಬಂದರೆ ಸದ್ದು ಹೆಚ್ಚಾಯಿತೆಂದೇ ತಿಳಿಯಿರಿ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂಬುದನ್ನೂ ಅವರಿಗೆ ತಿಳಿಸಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಗಳಲ್ಲಿ ಅದು ಇನ್ನೂ ಕಡಿಮೆ.

ಪ್ರಶ್ನೆ: ನನ್ನದು ಬಾಡಿಗೆ ಕಾರು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆ, ಉಳಿದ ಜಾಗ ಪ್ರಯಾಣಿಕರ ಲಗೇಜಿಗೆ ಬೇಕು. ಸಬ್‌ವೂಫರ್ ಸಾಧ್ಯವೇ?
— ಓದುಗರು, ಕುಣಿಗಲ್

ಉತ್ತರ: ಸೀಟಿನ ಕೆಳಗೆ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ 8 ಇಂಚಿನ ತೆಳು ಸಬ್‌ವೂಫರ್ ನಿಮಗೆ ಸರಿಹೊಂದುತ್ತದೆ. ಎದೆ ನಡುಗಿಸುವ ಬೇಸನ್ನು ಅದರಿಂದ ನಿರೀಕ್ಷಿಸಬೇಡಿ. ಬಾಗಿಲಿನ ಸ್ಪೀಕರುಗಳು ಬಿಟ್ಟುಕೊಟ್ಟ ಕೆಳಸ್ವರಗಳನ್ನು ಅಚ್ಚುಕಟ್ಟಾಗಿ ತುಂಬಿಕೊಡುವುದಷ್ಟೇ ಅದರ ಕೆಲಸ, ಮತ್ತು ಬಾಡಿಗೆಯ ಓಡಾಟಕ್ಕೆ ಅಷ್ಟು ಸಾಕು. ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ಸರಿಸಿ, ಅದರ ಕೆಳಗಿನ ಎತ್ತರವನ್ನು ಅತ್ಯಂತ ತಗ್ಗಾದ ಜಾಗದಲ್ಲಿ ಅಳೆಯಿರಿ. ಎಸಿ ಗಾಳಿಯ ಕೊಳವೆ, ಏರ್‌ಬ್ಯಾಗಿನ ಹಳದಿ ಕಪ್ಲರ್ ಅಲ್ಲಿದ್ದರೆ ಅವುಗಳನ್ನು ಒತ್ತದಂತೆ ಕೂರಿಸಬೇಕು. ಡಿಕ್ಕಿಯ ತಳದಲ್ಲಾಗಲಿ, ಸಿಲಿಂಡರಿನ ಚೌಕಟ್ಟಿನ ಬಳಿಯಲ್ಲಾಗಲಿ ಸ್ಕ್ರೂಗೆಂದು ಒಂದು ರಂಧ್ರವನ್ನೂ ಕೊರೆಸಬೇಡಿ, ಏಕೆಂದರೆ ಅನಿಲದ ಕೊಳವೆ ತಗಡಿನ ಕೆಳಗಿನಿಂದಲೇ ಹಾದುಹೋಗಿರುತ್ತದೆ. ಅರ್ಥಿಂಗಿಗೆ ಸೀಟಿನ ಪಕ್ಕದಲ್ಲಿ ಬರೀ ತಗಡಿಗೆ ಕೂಡಿಕೊಂಡಿರುವ ಕಂಪನಿಯ ಬೋಲ್ಟ್ ಯಾವುದಾದರೂ ಇದ್ದರೆ ಅದನ್ನೇ ಬಳಸಲು ಹೇಳಿ. ಸೀಟ್‌ಬೆಲ್ಟಿನ ಬೋಲ್ಟನ್ನು ಮಾತ್ರ ಮುಟ್ಟಿಸಬೇಡಿ.